ಅತ್ತಿಗೆ ಎಳೆಯುವ ಗೀಟು

ನಮ್ಮ ಅತ್ತಿಗೆಯ ಬಾಯಿಂದ ಸುದ್ದಿ ಕೇಳುವಷ್ಟು ಬೇಜಾರಿನ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ.

ಎದುರು ಮನೆಯಲ್ಲಿ ಗಂಡ ಹೆಂಡತಿ ಜಗಳವಾಡಿದರು ಎಂದಿಟ್ಟುಕೊಳ್ಳಿ. ನಾನಾದರೆ ಅದಕ್ಕೆ ಉಪ್ಪು ಖಾರ ಹಚ್ಚಿ, ಯಾರು ಏನೆಂದರು, ಯಾಕೆಂದರು, ಕೊನೆಗೆ ಆ ಹೆಂಡತಿಯ ತವರಿನವರು ಎಂಥವರು ಎಂಬಲ್ಲಿಗೆ ಮುಟ್ಟಿಸಿಯೇ ಬಿಡುತ್ತೇನೆ. ಅತ್ತಿಗೆ ಹೇಳುವುದು ಹೀಗೆ: "ಅವರು ಜೋರಾಗಿ ಏನೋ ಅಂದ್ರು. ಆಮೇಲೆ ಬಾಗಿಲು ಹಾಕಿದ ಸದ್ದಾಯ್ತು. ಮಧ್ಯೆ ಏನಾಯ್ತೋ ನನಗೆ ಕೇಳಿಸಲಿಲ್ಲ."

"ಏನಾಗಿರಬಹುದು ಅಂತ ಅಂದಾಜು ಮಾಡೋಕಾಗಲ್ವಾ ಅತ್ತಿಗೆ?"

"ಆಗುತ್ತೆ. ಆದ್ರೆ ಅದು ನನ್ನ ಅಂದಾಜು ಆಗುತ್ತೆ ಕಣೇ, ಅವರ ಜಗಳ ಆಗಲ್ಲ."

ಇಂಥವರ ಜೊತೆ ಒಂದೇ ಮನೆಯಲ್ಲಿ ಬಾಳಬೇಕೆಂದು ನನ್ನ ಹಣೆಯಲ್ಲಿ ಬರೆದಿತ್ತು. ಅವರು ನನ್ನ ಅಣ್ಣನ ಹೆಂಡತಿ. ಅಣ್ಣ ಅತ್ತಿಗೆ ಕೆಳಗಿನ ಮನೆಯಲ್ಲಿ, ನಾನು ಮೇಲಿನ ಎರಡು ಕೋಣೆಯಲ್ಲಿ. ಊಟ ಮಾತ್ರ ಒಟ್ಟಿಗೆ. ಅಷ್ಟು ಸಾಲದೆಂದು ಇಬ್ಬರಿಗೂ ಕೆಲಸ ಒಂದೇ ಆಸ್ಪತ್ರೆಯಲ್ಲಿ. ನಾನು ಎಕ್ಸ್‌ರೇ ತೆಗೆಯುವವಳು, ಅತ್ತಿಗೆ ಟೈಪಿಂಗ್ ರೂಮಿನವರು. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಹೋಗಿ ಸಂಜೆ ಒಂದೇ ಬಸ್ಸಿನಲ್ಲಿ ಬರುತ್ತೇವೆ. ದಾರಿಯುದ್ದಕ್ಕೂ ಮಾತಾಡುವವಳು ನಾನು, ಕಿಟಕಿಯ ಪಕ್ಕ ಕೂರುವವರು ಅವರು.

ಟೈಪಿಂಗ್ ರೂಮು ಇರುವುದು ಮೆಟ್ಟಿಲಿನ ಹಿಂದೆ, ಉದ್ದನೆಯ ಓಣಿಯ ಕೊನೆಯಲ್ಲಿ. ಒಂದು ಕಿಟಕಿ, ಅದರ ಆಚೆ ನೀರಿನ ಪೈಪುಗಳು. ಆಸ್ಪತ್ರೆಯ ವಾಸನೆ ಅಲ್ಲಿಗೆ ಬರುವುದಿಲ್ಲ. ಬರುವುದು ಪಕ್ಕದ ಬಟ್ಟೆ ಕೋಣೆಯ ಸೋಪಿನ ವಾಸನೆ, ಇಸ್ತ್ರಿ ಮಾಡಿದ ಬಿಸಿ ಬಟ್ಟೆಯ ವಾಸನೆ. ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಹೇಳಬೇಕಾದ್ದನ್ನೆಲ್ಲ ರೆಕಾರ್ಡರಿಗೆ ಹೇಳುತ್ತಿದ್ದರು. ಅತ್ತಿಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಟೈಪ್ ಮಾಡುತ್ತಿದ್ದರು. ಮೇಜಿನ ಕೆಳಗೆ ಒಂದು ಪೆಡಲು. ಒತ್ತಿದರೆ ಧ್ವನಿ ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ, ಹಿಮ್ಮಡಿಯಲ್ಲಿ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಹೀಗಾಗಿ ಅತ್ತಿಗೆಯ ಬಲಗಾಲಿನ ಚಪ್ಪಲಿ ಯಾವಾಗಲೂ ಸವೆದಿರುತ್ತಿತ್ತು, ಎಡಗಾಲಿನದು ನಿನ್ನೆ ಕೊಂಡಂತಿರುತ್ತಿತ್ತು. ಅಣ್ಣ ಚಪ್ಪಲಿ ಅಂಗಡಿಯಲ್ಲಿ ಬಲಗಾಲಿನದು ಮಾತ್ರ ಕೊಡುತ್ತೀರಾ ಎಂದು ಕೇಳಿ ಬೈಸಿಕೊಂಡಿದ್ದೂ ಉಂಟು.

ಅವರಿಗೆ ಕೆಲಸ ಕಲಿಸಿದ ಹಿರಿಯ ಟೈಪಿಸ್ಟ್ ಒಬ್ಬರು ಮೊದಲ ದಿನವೇ ಹೇಳಿದ್ದರಂತೆ: ಕೇಳಿಸದ್ದನ್ನು ಬರೆಯಬೇಡ, ಅಲ್ಲಿ ಒಂದು ಗೀಟು ಎಳೆ, ಹೇಳಿದವರೇ ಬಂದು ತುಂಬಲಿ. ಈ ಕೆಲಸದವರೆಲ್ಲರಿಗೂ ಇರುವ ನಿಯಮವೇ ಅದು. ಆದರೆ ಬೇರೆಯವರು ದಿನಕ್ಕೆ ಒಂದೆರಡು ಗೀಟು ಎಳೆದರೆ ನಮ್ಮ ಅತ್ತಿಗೆ ಪುಟಕ್ಕೊಂದು ಎಳೆಯುತ್ತಿದ್ದರು. ಗೀಟಿದ್ದ ಹಾಳೆಗೆ ಹಳದಿ ಚೀಟಿ ಅಂಟಿಸಿ ಡಾಕ್ಟರಿಗೆ ವಾಪಸ್ಸು ಕಳಿಸುತ್ತಿದ್ದರು. ಸರ್ಜನ್ ಡಾಕ್ಟರಿಗೆ ಇದರಿಂದ ತಲೆನೋವು. ಒಳ್ಳೆಯ ಕೈಗುಣದ ಮನುಷ್ಯ, ಆದರೆ ನಡೆಯುತ್ತಾ ಮಾತಾಡುತ್ತಾರೆ, ಪ್ರತಿ ಮಾತಿನ ಕೊನೆಯನ್ನು ನುಂಗಿಬಿಡುತ್ತಾರೆ. ಅತ್ತಿಗೆಗೆ ಗೀಟಮ್ಮ ಎಂದು ಹೆಸರಿಟ್ಟವರೂ ಅವರೇ.

"ಇಷ್ಟು ವರ್ಷದಿಂದ ನನ್ನ ಧ್ವನಿ ಕೇಳ್ತಿದ್ದೀರಿ ಗೀಟಮ್ಮಾ," ಎಂದು ಒಮ್ಮೆ ಹಾಳೆ ಹಿಡಿದು ರೂಮಿಗೇ ಬಂದರು. ನಾನೂ ಅಲ್ಲೇ ಇದ್ದೆ. "ಇಲ್ಲಿ ನಾನು ಏನಂದಿರ್ತೀನಿ ಅಂತ ನಿಮಗೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ ಸಾರ್. ಅದಕ್ಕೇ ಭಯ."

ಡಾಕ್ಟರು ನಗುತ್ತಾ ಪೆನ್ನು ತೆಗೆದು ಗೀಟಿನ ಮೇಲೆ ಬರೆದುಕೊಟ್ಟು ಹೋದರು.

ಆ ಓಣಿಯಲ್ಲಿ ಅತ್ತಿಗೆಗೆ ಇದ್ದ ಒಬ್ಬರೇ ನೆರೆಯವರೆಂದರೆ ಬಟ್ಟೆ ಕೋಣೆಯ ಮಡಿಕೆ ಮಾವ. ವಾರ್ಡುಗಳ ಹಾಸು ಹೊದಿಕೆಗಳೆಲ್ಲ ಒಗೆದು ಬಂದ ಮೇಲೆ ಅವರ ಕೈಯಲ್ಲೇ ಮಡಿಕೆಯಾಗಬೇಕು. ಅವರು ಮಡಿಸಿದ ಹಾಸಿನ ಅಂಚು ಅಂಚಿಗೆ ಕೂಡಿ ಕೂತಿರುತ್ತದೆ. ಯಾರಿಗೂ ಸ್ವಂತ ಮಾವನಲ್ಲ, ಇಡೀ ಆಸ್ಪತ್ರೆಗೆ ಮಾವ. ಮಾತು ಮಾತ್ರ ಕೇಳಬೇಡಿ. ಊಟ ಆಯ್ತಾ ಎಂದರೆ ತಲೆ, ಹುಷಾರಾಗಿದ್ದೀರಾ ಎಂದರೆ ತಲೆ, ನಾಳೆ ರಜವೋ ಎಂದರೂ ತಲೆ. ಆ ತಲೆ ಎಡಕ್ಕೆ ವಾಲಿದರೆ ಹೌದೋ, ಬಲಕ್ಕೆ ವಾಲಿದರೆ ಅಲ್ಲವೋ, ಅದು ಅವರ ಹೆಂಡತಿಗಾದರೂ ತಿಳಿದಿದೆಯೋ ಇಲ್ಲವೋ. ನಮಗಂತೂ ಎಲ್ಲ ಒಂದೇ, ಕೋಲೆ ಬಸವನ ಹಾಗೆ.

ಅತ್ತಿಗೆಗೂ ಮಾವನಿಗೂ ಗಳಸ್ಯ ಕಂಠಸ್ಯ. ಅವರಿಬ್ಬರ ಹರಟೆ ನೀವು ಕೇಳಬೇಕಿತ್ತು, ಒಂದು ಗಂಟೆಗೆ ಎರಡು ಮಾತು. ಚಹಾ ಆದಾಗ ಮಾವ ನಡುವಿನ ಗೋಡೆಯನ್ನು ತಟ್ಟುತ್ತಾರೆ. ಕೇಳಿಸಿತು ಎನ್ನುವುದಕ್ಕೆ ಅತ್ತಿಗೆ ಈ ಕಡೆಯಿಂದ ಎರಡು ಸಲ ತಟ್ಟುತ್ತಾರೆ. ಆಮೇಲೆ ಲೋಟ ಬರುತ್ತದೆ. ಇಷ್ಟೇ ಅವರ ಸ್ನೇಹ, ಆದರೆ ಯಾರಾದರೂ ಒಬ್ಬರು ರಜ ಹಾಕಿದರೆ ಇನ್ನೊಬ್ಬರ ಮುಖ ನೋಡಲಾಗುತ್ತಿರಲಿಲ್ಲ.

ಹೀಗಿರುವಾಗ ಆಸ್ಪತ್ರೆಗೆ ಎಐ ಬಂತು.

ಆಡಳಿತಾಧಿಕಾರಿಗಳು ಎಲ್ಲರನ್ನೂ ಮೀಟಿಂಗ್ ಹಾಲಿಗೆ ಕರೆದು ತೋರಿಸಿದರು. ಡಾಕ್ಟರ ಮೇಜಿನ ಮೇಲೆ ಪೌಡರ್ ಡಬ್ಬಿಯಷ್ಟು ದೊಡ್ಡ ಗುಂಡನೆಯ ಮೈಕು. ಡಾಕ್ಟರೂ ರೋಗಿಯೂ ಮಾತಾಡಿಕೊಳ್ಳುವುದನ್ನು ಅದು ಕೇಳಿಸಿಕೊಳ್ಳುತ್ತದೆ. ರೋಗಿ ಎದ್ದು ಬಾಗಿಲು ದಾಟುವಷ್ಟರಲ್ಲಿ ಪೂರ್ತಿ ಟಿಪ್ಪಣಿ ಕಂಪ್ಯೂಟರಿನಲ್ಲಿ ಬರೆದಿಟ್ಟಿರುತ್ತದೆ. ಇನ್ನು ಮೇಲೆ ಡಾಕ್ಟರು ರೆಕಾರ್ಡರಿಗೆ ಹೇಳುವ ಕೆಲಸವೂ ಇಲ್ಲ, ಅತ್ತಿಗೆ ಟೈಪ್ ಮಾಡುವ ಕೆಲಸವೂ ಇಲ್ಲ. ಅತ್ತಿಗೆ ಹಿಂದಿನ ಸಾಲಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ಹೊಟ್ಟೆಯ ಮೇಲೆ ಹೊಡೆದರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಆದರೆ ಅವರನ್ನು ಮನೆಗೆ ಕಳಿಸಲಿಲ್ಲ. ಅದು ಬರೆದದ್ದನ್ನು ಓದಿ, ಧ್ವನಿಯೊಡನೆ ಹೋಲಿಸಿ, ಸರಿ ಇದೆ ಎಂದು ಹಸಿರು ಗುಂಡಿ ಒತ್ತುವ ಕೆಲಸ ಕೊಟ್ಟರು. ಅದಾದ ಮೇಲೆ ಡಾಕ್ಟರ ಸಹಿ.

ಮೊದಲ ದಿನ ಬಸ್ಸಿನಲ್ಲಿ ನಾನು ಹೇಗಿದೆ ಎಂದು ಕೇಳಿದೆ.

"ಹೊಸ ಅಳಿಯ ಇದ್ದ ಹಾಗಿದೆ," ಎಂದರು ಅತ್ತಿಗೆ. "ನೀಟಾಗಿದೆ, ಮಾತು ಚೆನ್ನಾಗಿದೆ. ಏನು ಕೇಳಿದ್ರೂ ಗೊತ್ತಿಲ್ಲ ಅನ್ನಲ್ಲ. ಇಡೀ ದಿನದಲ್ಲಿ ಒಂದೂ ಗೀಟಿಲ್ಲ ಕಣೇ."

"ಒಳ್ಳೇದಲ್ವಾ?"

"ಮಾವನ ಮನೇಲಿ ಯಾವ ಹೊಸ ಅಳಿಯ ನನಗೆ ಗೊತ್ತಿಲ್ಲ ಅಂತಾನೆ ಹೇಳು."

ಅತ್ತಿಗೆ ಇದನ್ನೇ ಆಡಳಿತಾಧಿಕಾರಿಗಳ ಮುಂದೆ ಸ್ವಲ್ಪ ಮರ್ಯಾದೆಯಿಂದ ಕೇಳಿದರಂತೆ, ಕೇಳಿಸದಿದ್ದಾಗ ಅದು ಊಹೆ ಮಾಡುತ್ತದೆಯೇ ಎಂದು. ಅದಕ್ಕೆ ಅವರು, "ಊಹೆ ಅಲ್ಲಮ್ಮ, ಸಂದರ್ಭ ನೋಡಿ ವಾಕ್ಯ ಪೂರ್ತಿ ಮಾಡುತ್ತೆ," ಎಂದರಂತೆ. ಅಳಿಯ ಅಲ್ಲ, ಮಗಳ ಗಂಡ! ಈ ಮಾತನ್ನು ನಾನು ಕ್ಯಾಂಟೀನಿನಲ್ಲಿ ಹೇಳಿದ್ದೇ ತಡ, ಆ ಯಂತ್ರಕ್ಕೆ ಆಸ್ಪತ್ರೆಯಲ್ಲಿ ಅಳಿಯ ಎಂದೇ ಹೆಸರಾಯಿತು. ಸರ್ಜನ್ ಡಾಕ್ಟರೂ ಹಾಗೇ ಕರೆಯತೊಡಗಿದರು.

ಸುಳ್ಳು ಹೇಳಬಾರದು, ಅಳಿಯ ಕೆಲಸಗಾರ. ಮನೆಗೆ ಹೋಗುವ ರೋಗಿಗೆ ಯಾವಾಗ ಸ್ನಾನ ಮಾಡಬೇಕು, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂಬುದನ್ನೆಲ್ಲ ಮನೆಮಂದಿಗೆ ತಿಳಿಯುವ ಮಾತಿನಲ್ಲಿ ಬರೆದುಕೊಡುತ್ತಿದ್ದ. ಅದನ್ನು ಓದಿ ಅತ್ತಿಗೆಯೇ, "ನನಗೆ ಇಷ್ಟು ಸಲೀಸಾಗಿ ಬರೆಯೋಕೆ ಬರ್ತಿರಲಿಲ್ಲ," ಎಂದರು. ಡಾಕ್ಟರುಗಳು ಕಂಪ್ಯೂಟರ್ ಬಿಟ್ಟು ರೋಗಿಯ ಮುಖ ನೋಡಿ ಮಾತಾಡತೊಡಗಿದರು. ಅತ್ತಿಗೆಯ ಕಾಲುನೋವು ಕಡಿಮೆಯಾಯಿತು. ಪೆಡಲು ಕಪಾಟು ಸೇರಿತು. ಚಪ್ಪಲಿಗಳು ಎರಡೂ ಒಂದೇ ಸಮ ಸವೆಯತೊಡಗಿದ್ದು ಕಂಡು ಅಣ್ಣನಿಗೆ ಬಹಳ ಸಂತೋಷ.

ಒಂದು ವಿಷಯದಲ್ಲಿ ಮಾತ್ರ ಅತ್ತಿಗೆ ಸಿಡಿದರು. ವಾರ್ಡಿನ ಹೊಸ ನರ್ಸ್ ಹುಡುಗಿಯೊಬ್ಬಳು ರೋಗಿಯೊಬ್ಬರ ರಿಪೋರ್ಟಿನ ಫೋಟೋ ತೆಗೆದು, ಅರ್ಥವಾಗುವಂತೆ ಹೇಳು ಎಂದು ತನ್ನ ಮೊಬೈಲಿನ ಎಐಗೆ ಹಾಕಲು ಹೊರಟಿದ್ದಳು. ಅತ್ತಿಗೆ ಕೈ ಹಿಡಿದರು. "ಇದು ಅವರ ಹೊಟ್ಟೆ ಒಳಗಿನ ವಿಷಯ. ಅವರ ಹೆಂಡತಿಗೇ ಇನ್ನೂ ಹೇಳಿಲ್ಲ. ನೀನು ಯಾವುದೋ ಕಂಪನಿಗೆ ಹೇಳ್ತೀಯಾ? ಆಸ್ಪತ್ರೆ ಅಳಿಯನಿಗೆ ಮನೆ ಬಾಗಿಲು ಅಂತ ಒಂದಿದೆ, ಒಳಗಿನ ಮಾತು ಹೊರಗೆ ಹೋಗಲ್ಲ. ಬೀದೀಲಿ ಹೋಗೋರನ್ನೆಲ್ಲ ಅಳಿಯ ಅನ್ನಬೇಡ." ಹುಡುಗಿ ಫೋಟೋ ಅಳಿಸಿದಳು. ಕೇಳಿಸಿಕೊಂಡದ್ದನ್ನು ಅತ್ತಿಗೆ ನಮ್ಮ ಮನೆಯ ಊಟದ ಮೇಜಿಗೂ ತಂದವರಲ್ಲ. ನಾನು ಎಷ್ಟು ಕೆದಕಿದರೂ ಅಷ್ಟೇ.

ದಿನ ಕಳೆದಂತೆ ಟಿಪ್ಪಣಿಗಳು ಹೆಚ್ಚಾದವು. ಎಲ್ಲವನ್ನೂ ಕೇಳಿ ಹೋಲಿಸುತ್ತ ಕೂತರೆ ಸಹಿ ತಡ, ಸಹಿ ತಡವಾದರೆ ರೋಗಿ ತಡ. ಓದಿ ನೋಡಿ, ಅನುಮಾನ ಬಂದರೆ ಮಾತ್ರ ಧ್ವನಿ ಕೇಳಿ ಎಂದು ಮೇಲಿನಿಂದ ಹೇಳಿಕೆ ಬಂತು. ಅನುಮಾನವೇ ಬರದ ಹಾಗೆ ಅಳಿಯ ಬರೆಯುತ್ತಿದ್ದ. ಅತ್ತಿಗೆಯಂಥ ಅತ್ತಿಗೆಗೂ ಹೆಡ್‌ಫೋನನ್ನು ಮೊಳೆಗೆ ನೇತುಹಾಕಿ ಬರೇ ಕಣ್ಣಲ್ಲಿ ಓದಿ ಗುಂಡಿ ಒತ್ತುವುದು ರೂಢಿಯಾಯಿತು.

ಆ ಸಮಯದಲ್ಲೇ ಮಡಿಕೆ ಮಾವನಿಗೆ ಹರ್ನಿಯಾ ಎಂದು ಗೊತ್ತಾದದ್ದು. ಬಟ್ಟೆಯ ಗಂಟು ಎತ್ತಿ ಎತ್ತಿ ತೊಡೆಸಂದಿಯಲ್ಲಿ ಗಡ್ಡೆಯಂತೆ ಉಬ್ಬಿತ್ತು. ದೊಡ್ಡ ಆಪರೇಷನ್ ಏನಲ್ಲ. ಆದರೆ ಮಾವನಿಗೆ ಹಿಂದೊಮ್ಮೆ ಹೃದಯದ ತೊಂದರೆಯಾಗಿ, ರಕ್ತ ಹೆಪ್ಪುಗಟ್ಟದಿರಲೆಂದು ದಿನಾ ಒಂದು ಮಾತ್ರೆ ನುಂಗುತ್ತಿದ್ದರು. ಆಪರೇಷನ್ನಿಗೆ ಮೊದಲು ಕೆಲವು ದಿನ ಅದನ್ನು ನಿಲ್ಲಿಸಲೇಬೇಕು. ನಿಲ್ಲಿಸದೆ ಹೊಟ್ಟೆ ಕೊಯ್ದರೆ ರಕ್ತ ನಿಲ್ಲುವುದು ಕಷ್ಟ, ಜೀವಕ್ಕೇ ಕುತ್ತು ಬರಬಹುದು. ಸರ್ಜನ್ ಡಾಕ್ಟರು ಮೊದಲೇ ಹೇಳಿ ಕಳಿಸಿದ್ದರು. ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಮಾವ ಡಾಕ್ಟರನ್ನು ಕಂಡು, ಮಧ್ಯಾಹ್ನ ವಾರ್ಡಿನಲ್ಲಿ ಅಡ್ಮಿಟ್ ಆದರು. ತಾವೇ ಮಡಿಸಿದ ಹಾಸಿನ ಮೇಲೆ ತಾವೇ ಮಲಗಬೇಕಾಯಿತು ಎಂದು ನಾವೆಲ್ಲ ತಮಾಷೆ ಮಾಡಿದೆವು. ಅದಕ್ಕೂ ತಲೆಯಾಡಿಸಿದರು.

ಸಂಜೆ ಬಸ್ ಸ್ಟಾಪಿನಲ್ಲಿ ನಿಂತು ನಾನು ಎಂದಿನಂತೆ ದಿನದ ವರದಿ ಒಪ್ಪಿಸುತ್ತಿದ್ದೆ.

"ಇವತ್ತು ಮಾವನ ಎದೆ ಎಕ್ಸ್‌ರೇ ತೆಗೆಯೋಷ್ಟರಲ್ಲಿ ನನಗೆ ಸಾಕು ಸಾಕಾಯ್ತು ಅತ್ತಿಗೆ. ಉಸಿರು ಬಿಗಿ ಹಿಡ್ಕೊಳ್ಳಿ ಮಾವ, ಅಂತ ಗಾಜಿನ ಈಚೆಯಿಂದ ಕೂಗಿದೆ. ಉತ್ತರ ಇಲ್ಲ. ಹಿಡಿದಿದ್ದೀರಾ ಅಂದೆ. ಬಾಯಿಬಿಟ್ಟು ಹೂಂ ಅನ್ನಬಾರದಾ? ತಲೆ ಆಡಿಸಿಬಿಟ್ರು! ಆ ಅಲ್ಲಾಟಕ್ಕೆ ಎಕ್ಸ್‌ರೇ ಕೆಟ್ಟು ಇನ್ನೊಂದು ತೆಗೆಯಬೇಕಾಯ್ತು."

ನಗುತ್ತಾರೆಂದು ನೋಡಿದೆ. ಅತ್ತಿಗೆ ನಗಲಿಲ್ಲ.

"ಬಾಯಿಬಿಟ್ಟು ಏನೂ ಹೇಳಲಿಲ್ವಾ?"

"ಮಾವ ಯಾವತ್ತು ಬಾಯಿಬಿಟ್ಟು ಹೇಳಿದ್ದಾರೆ?"

ಅಷ್ಟರಲ್ಲಿ ಬಸ್ಸು ಬಂತು. ನಾನು ಮೆಟ್ಟಿಲಿಗೆ ಕಾಲಿಟ್ಟು ತಿರುಗಿ ನೋಡಿದರೆ ಅತ್ತಿಗೆ ಆಸ್ಪತ್ರೆಯ ಕಡೆಗೆ ಹೊರಟೇಬಿಟ್ಟಿದ್ದಾರೆ. ಕಂಡಕ್ಟರನ ಕೈಲಿ ಬೈಸಿಕೊಂಡು ಇಳಿದು ಹಿಂದೆ ಓಡಿದೆ.

ರೂಮಿನ ಬಾಗಿಲು ತೆಗೆದು, ಕಂಪ್ಯೂಟರ್ ಹಾಕಿ, ಮೊಳೆಯಿಂದ ಹೆಡ್‌ಫೋನ್ ಇಳಿಸಿ ಕಿವಿಗಿಟ್ಟುಕೊಂಡರು. ಅವರ ಬಲಗಾಲು ಮೇಜಿನ ಕೆಳಗೆ ಇಲ್ಲದ ಪೆಡಲನ್ನು ಹುಡುಕುತ್ತಿತ್ತು. ಒಮ್ಮೆ ಕೇಳಿದರು, ಮತ್ತೊಮ್ಮೆ ಕೇಳಿದರು. ಹೊರಗಿನ ಬೆಳಕು ಇನ್ನೂ ಇತ್ತು, ಪೈಪುಗಳ ಮೇಲೆ ಬಿಸಿಲು ಬಿದ್ದಿತ್ತು. ಮೂರನೆಯ ಸಲ ಕೇಳಿ ಹೆಡ್‌ಫೋನ್ ತೆಗೆದು, "ನಾನು ಒತ್ತಿಬಿಟ್ಟೆ ಕಣೇ," ಎಂದರು.

ಅದರಲ್ಲಿ ಏನಿತ್ತೆಂದು ಅತ್ತಿಗೆ ಆಗ ನನಗೆ ಹೇಳಲಿಲ್ಲ. ಆಮೇಲೆ ಎಲ್ಲರ ಮುಂದೆ ಮೀಟಿಂಗಿನಲ್ಲಿ ಗೊತ್ತಾಯಿತು. ಬೆಳಿಗ್ಗೆ ಡಾಕ್ಟರು ಮಾವನನ್ನು, ರಕ್ತದ ಮಾತ್ರೆ ನಿಲ್ಲಿಸಿದ್ದೀರಾ ಎಂದು ಕೇಳಿದ್ದಾರೆ. ಆಮೇಲೆ ಫ್ಯಾನಿನ ಕಿರ್ ಕಿರ್, ಕುರ್ಚಿ ಸರಿದ ಸದ್ದು. ಆಮೇಲೆ ಡಾಕ್ಟರು, ಒಳ್ಳೇದು, ನೋವು ಹೇಗಿದೆ ಎಂದು ಮುಂದಕ್ಕೆ ಹೋಗಿದ್ದಾರೆ. ಮಾವ ತಲೆಯಾಡಿಸಿದ್ದರು. ತಲೆಗೆ ಸದ್ದಿಲ್ಲವಲ್ಲ! ಅಳಿಯ ಅಲ್ಲಿ ಗೀಟು ಎಳೆಯಲಿಲ್ಲ. ಇಂಥ ಕಡೆ ಸಾಮಾನ್ಯವಾಗಿ ಏನಿರುತ್ತದೋ ಅದನ್ನೇ ಬರೆದಿಟ್ಟ: ಸೂಚಿಸಿದಂತೆ ರಕ್ತದ ಮಾತ್ರೆ ನಿಲ್ಲಿಸಿರುವುದಾಗಿ ರೋಗಿ ತಿಳಿಸಿದ್ದಾರೆ. ಅತ್ತಿಗೆ ಅದನ್ನು ಕಣ್ಣಲ್ಲಿ ಓದಿ ಹಸಿರು ಗುಂಡಿ ಒತ್ತಿದ್ದರು. ಮಡಿಕೆ ಮಾವ ಇಡೀ ಒಂದು ವಾಕ್ಯವನ್ನು ಬಾಯಿಬಿಟ್ಟು ತಿಳಿಸಿದರು ಎಂಬುದನ್ನು, ಗೋಡೆಯಾಚೆ ಅವರನ್ನು ಇಷ್ಟು ವರ್ಷ ಬಲ್ಲ ಅತ್ತಿಗೆ, ನಂಬಿಬಿಟ್ಟಿದ್ದರು.

ನಾನು ಇದೊಂದೂ ತಿಳಿಯದೆ ಚಡಪಡಿಸುತ್ತಿದ್ದೆ. ಮಾವನ ಟಿಪ್ಪಣಿಯಲ್ಲಿ ಒಂದು ಉತ್ತರ ಇಲ್ಲ, ಮಾತ್ರೆಯ ವಿಷಯ, ಡಾಕ್ಟರಿಗೆ ಹೇಳಬೇಕು ಎಂದಷ್ಟೇ ಅವರು ಹೇಳಿದ್ದು.

"ಅದಕ್ಕೆ ಡಾಕ್ಟರು ಯಾಕೆ? ಮಾವ ಇಲ್ಲೇ ಮೇಲೆ ವಾರ್ಡಲ್ಲಿದ್ದಾರೆ. ಕೇಳಿಕೊಂಡು ಬಂದು ನೀವೇ ತುಂಬಿಬಿಡಿ."

"ನಾನು ತುಂಬೋ ಜಾಗ ಅಲ್ಲ ಅದು," ಎಂದರು. ಹಸಿರು ಗುಂಡಿಯ ಒಪ್ಪಿಗೆ ವಾಪಸ್ಸು ತೆಗೆದರು. ಅಳಿಯ ಬರೆದ ಆ ವಾಕ್ಯವನ್ನು ಅಳಿಸಿದರು. ಅಲ್ಲಿ ಒಂದು ಗೀಟು ಎಳೆದರು. ಆಮೇಲೆ ಸರ್ಜನ್ ಡಾಕ್ಟರಿಗೆ ಫೋನು ಮಾಡಿದರು. ಎತ್ತಲಿಲ್ಲ. ಡಾಕ್ಟರನ್ನು ಹುಡುಕುತ್ತ ಅತ್ತಿಗೆ ಹೊರರೋಗಿಗಳ ಕಡೆಗೆ ಹೊರಟರೆ ನಾನು ತಡೆಯಲಾರದೆ ವಾರ್ಡಿಗೆ ಓಡಿದೆ.

ವಾರ್ಡಿನ ಸಿಸ್ಟರಿಗೆ ಮಾವ ಮಾತ್ರೆ ನಿಲ್ಲಿಸಿದ್ದಾರಾ ಎಂದೆ. "ನಿಲ್ಲಿಸಿದ್ದಾರಲ್ಲ, ಬರೆದಿದೆ," ಎಂದರು. ನೀವು ಕೇಳಿದಿರಾ ಎಂದೆ. "ಬರೆದಿದೆಯಲ್ಲಮ್ಮ." ಅರಿವಳಿಕೆ ಡಾಕ್ಟರೂ ಅದನ್ನೇ ಓದಿಕೊಂಡು ಹೋಗಿದ್ದರಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಲೋಕದಲ್ಲಿ ದಡ್ಡರು ಮಾತ್ರ ಎಂದುಕೊಂಡಿದ್ದೆ. ಬರೆದದ್ದು ಚೆನ್ನಾಗಿದ್ದರೆ ಜಾಣರೂ ಹಗ್ಗ ಹಿಡಿದು ಬರುತ್ತಾರೆ.

ಮಾವನ ಹತ್ತಿರ ಹೋಗಿ ಕೇಳಿದೆ. "ಮಾವ, ರಕ್ತದ ಮಾತ್ರೆ ನಿಲ್ಲಿಸಿದ್ದೀರಾ?" ತಲೆ. "ಅಂದ್ರೆ ಇನ್ನೂ ತಗೊಳ್ತಾ ಇದ್ದೀರಾ?" ಮತ್ತೆ ಅದೇ ತಲೆ. "ಮಾವ, ದಮ್ಮಯ್ಯ ಅಂತೀನಿ, ಹೌದೋ ಅಲ್ವೋ ಹೇಳಿ!" ಮಾವ ನನ್ನ ಕೂಗಿಗೆ ಗಾಬರಿಯಾಗಿ ಎದ್ದು ಕೂತು ಹೊದಿಕೆಯನ್ನು ಮಡಿಸತೊಡಗಿದರು.

ಅಷ್ಟರಲ್ಲಿ ಸರ್ಜನ್ ಡಾಕ್ಟರು ಬಂದರು. ಹಿಂದೆ ಅತ್ತಿಗೆ. ಅವರು ದಾರಿಯಲ್ಲೇ ಎಲ್ಲ ಹೇಳಿದ್ದರೆಂದು ಕಾಣುತ್ತದೆ. ಡಾಕ್ಟರು ಮಾವನ ಮಂಚದ ಮೇಲೆ ಕೂತರು.

"ಮಾವ, ನಿಲ್ಲಿಸಿದ್ದು ಯಾವ ಮಾತ್ರೆ? ತೋರಿಸ್ತೀರಾ?"

ಮಾವ ದಿಂಬಿನ ಕೆಳಗಿನಿಂದ ಒಂದು ಕರವಸ್ತ್ರ ತೆಗೆದರು. ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದು. ಬಿಚ್ಚಿದರೆ ಮಾತ್ರೆಯ ಎರಡು ಹಾಳೆ. ಎರಡರಲ್ಲೂ ಗುಂಡನೆಯ ಬಿಳಿ ಮಾತ್ರೆ. ಒಂದನ್ನು ಡಾಕ್ಟರ ಕೈಗಿಟ್ಟು, ಇದು, ಎಂಬಂತೆ ಬೆರಳು ಮುಟ್ಟಿಸಿದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಓದಿದರು. ಅದು ಬಿ.ಪಿ. ಮಾತ್ರೆ.

"ಇನ್ನೊಂದು?"

"ಬೆಳಿಗ್ಗೆ ತಗೊಂಡೆ," ಎಂದರು ಮಾವ.

ಮಾವನ ತಲೆ ಸುಳ್ಳು ಹೇಳಿರಲಿಲ್ಲ. ಅವರು ಒಂದು ಮಾತ್ರೆ ನಿಲ್ಲಿಸಿದ್ದು ನಿಜ. ರಕ್ತದ ಮಾತ್ರೆಯನ್ನು ಅಂದು ಬೆಳಿಗ್ಗೆಯೂ ನುಂಗಿದ್ದರು. ಮರುದಿನ ಬೆಳಗಿನ ಮೊದಲ ಆಪರೇಷನ್ ಅವರದೇ ಇತ್ತು. ನಾನು ಪಕ್ಕದ ಸ್ಟೂಲು ಎಳೆದುಕೊಂಡು ಕೂತೆ.

ಆಪರೇಷನ್ ಮುಂದಕ್ಕೆ ಹೋಯಿತು. ಓಣಿಯಲ್ಲಿ ಡಾಕ್ಟರು ಅತ್ತಿಗೆಗೆ ಹೇಳಿದ ಮಾತನ್ನು ನಾನು ಕೇಳಿಸಿಕೊಂಡೆ. "ಅವರು ತಲೆ ಆಡಿಸಿದ್ರು, ನಾನು ಹೌದು ಅಂದ್ಕೊಂಡೆ. ಓದೋವಾಗ ನಾನು ಅಂದ್ಕೊಂಡಿದ್ದೇ ಬರೆದಿತ್ತು. ನಮ್ಮ ಮನಸ್ಸಲ್ಲಿ ಇರೋದನ್ನೇ ಯಾರಾದ್ರೂ ಚೆನ್ನಾಗಿ ಬರೆದುಕೊಟ್ರೆ ಅನುಮಾನ ಬರೋದು ಹೇಗೆ ಹೇಳಿ. ನಾನು ಆಗಲೇ ಕೇಳಬೇಕಿತ್ತು."

"ನಾನೂ ಕೇಳಿಸ್ಕೊಳ್ಳದೆ ಒತ್ತಿದೆ ಸಾರ್," ಎಂದರು ಅತ್ತಿಗೆ.

ಮನೆಗೆ ಬಂದು ಅತ್ತಿಗೆ ಊಟಕ್ಕೆ ಕೂತರೂ ತಟ್ಟೆಯನ್ನು ಮುಟ್ಟಲಿಲ್ಲ. ಅಣ್ಣ ಏನಾಯಿತು ಎಂದು ನನ್ನ ಕಡೆ ನೋಡಿದ. ಹೇಳಲು ನನ್ನ ಬಳಿ ಬೇಕಾದಷ್ಟಿತ್ತು, ಉಪ್ಪು ಖಾರ ಹಚ್ಚುವ ಅಗತ್ಯವೂ ಇರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ನೀರಿನ ಲೋಟವನ್ನು ಅತ್ತಿಗೆಯ ಹತ್ತಿರಕ್ಕೆ ಸರಿಸಿದೆ. "ಜನ್ಮದಲ್ಲಿ ಒಂದು ಸಲ ಅಂದಾಜಿನ ಮೇಲೆ ಬಿಟ್ಟೆ. ಅದೂ ಮಾವನದು," ಎಂದರು ಅವರು. ಅಣ್ಣನಿಗೆ ಏನೂ ಅರ್ಥವಾಗದಿದ್ದರೂ ಅವರ ಬೆನ್ನ ಮೇಲೆ ಕೈಯಿಟ್ಟ.

ಆಡಳಿತಾಧಿಕಾರಿಗಳು ಕರೆದ ಮೀಟಿಂಗಿನಲ್ಲಿ ಅತ್ತಿಗೆ ಎದ್ದು ನಿಂತು, ನಡೆದದ್ದನ್ನು ತಮ್ಮ ತಪ್ಪನ್ನೂ ಸೇರಿಸಿ, ಏನೂ ಬಿಡದೆ ಹೇಳಿದರು. ಹೀಗೆ ಹೇಳಲು ಮಾವನ ಒಪ್ಪಿಗೆ ಮೊದಲೇ ಕೇಳಿದ್ದರಂತೆ. ತಲೆಯಾಡಿಸಿದರೆ ಸಾಲದು, ಬಾಯಲ್ಲಿ ಹೇಳಬೇಕು ಎಂದು ಹಟ ಹಿಡಿದು ಹೂಂ ಎನ್ನಿಸಿಕೊಂಡಿದ್ದರು. ಯಂತ್ರ ಕೊಟ್ಟ ಕಂಪನಿಯವರನ್ನು ವಿಚಾರಿಸಿದಾಗ, ಕೇಳಿಸದ ಕಡೆ ಖಾಲಿ ಬಿಡುವಂತೆ ಮಾಡುವುದು ಸುಲಭ, ಯಾರೂ ಕೇಳಿರಲಿಲ್ಲ ಎಂದರು. ಟಿಪ್ಪಣಿ ಅರೆಬರೆ ಕಾಣುತ್ತದಲ್ಲ ಎಂದು ಆಡಳಿತಾಧಿಕಾರಿಗಳಿಗೆ ಅಳುಕು. "ಕಾಣಲಿ," ಎಂದರು ಸರ್ಜನ್ ಡಾಕ್ಟರು. ರೋಗಿ ತಲೆಯಾಡಿಸಿದರೆ ಡಾಕ್ಟರು ಮತ್ತೆ ಕೇಳಿ ಮಾತಿನಲ್ಲಿ ಹೇಳಿಸಬೇಕು, ಆಪರೇಷನ್ನಿನ ಟಿಪ್ಪಣಿಗಳನ್ನು ಧ್ವನಿ ಕೇಳದೆ ಯಾರೂ ಒಪ್ಪಬಾರದು ಎಂದಾಯಿತು. ಮರುದಿನ ಅಳಿಯನ ಮೊದಲ ಟಿಪ್ಪಣಿಯಲ್ಲೇ ಮೂರು ಗೀಟು ಇದ್ದವು. ಈಗ ಸ್ವಲ್ಪ ಸಂಸಾರಸ್ಥನಾದ ಎಂದರು ಅತ್ತಿಗೆ. ಪೆಡಲು ಕಪಾಟಿನಿಂದ ಮೇಜಿನ ಕೆಳಗೆ ಬಂತು. ಚಪ್ಪಲಿ ಮತ್ತೆ ಸವೆಯತೊಡಗಿತು.

ಮಾವನ ಆಪರೇಷನ್ ಆಮೇಲೆ ಸುಸೂತ್ರವಾಗಿ ನಡೆಯಿತು. ಕೆಲವು ವಾರ ಕಳೆದು, ಹಗುರವಾದ ಕೆಲಸಕ್ಕೆ ಸೇರಬಹುದೇ ಎಂದು ತೋರಿಸಲು ಡಾಕ್ಟರ ಬಳಿಗೆ ಬಂದರು. ನನಗೆ ಬಿಡುವಿತ್ತು, ನಾನೇ ಜೊತೆಗೆ ಹೋದೆ. ಡಾಕ್ಟರು ಹೊಲಿಗೆ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಆಮೇಲೆ, "ರಕ್ತದ ಮಾತ್ರೆ ಮತ್ತೆ ಶುರು ಮಾಡಿದ್ದೀರಾ ಮಾವ?" ಎಂದರು.

ಮಾವನ ತಲೆ ಆಡಿತು. ಡಾಕ್ಟರು ಮತ್ತೆ ಕೇಳಲು ಬಾಯಿ ತೆಗೆದರು. ಮಾವ ಕೈಯೆತ್ತಿ ಅವರನ್ನು ತಡೆದರು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೇಜಿನ ಮೇಲಿನ ಆ ಗುಂಡನೆಯ ಮೈಕಿನ ಹತ್ತಿರಕ್ಕೆ ಮುಖ ತಂದರು. ಗಂಟಲು ಸರಿಮಾಡಿಕೊಂಡರು. ದೂರದಲ್ಲಿರುವವರನ್ನು ಕೂಗುವ ಹಾಗೆ ದೊಡ್ಡ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದರು.

"ರಕ್ತದ ಮಾತ್ರೆ ದಿನಾ ಬೆಳಿಗ್ಗೆ ತಗೊಳ್ತಾ ಇದ್ದೀನಿ. ಬಿ.ಪಿ.ದೂ ತಗೊಳ್ತಾ ಇದ್ದೀನಿ. ಯಾವುದೂ ನಿಲ್ಲಿಸಿಲ್ಲ." ಹಿಂದಕ್ಕೆ ಸರಿದವರು ಮತ್ತೆ ಬಾಗಿದರು. "ಕೇಳಿಸ್ತೇನಮ್ಮಾ?"

ಡಾಕ್ಟರು ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದರು. ನನ್ನ ಕಣ್ಣು ತುಂಬಿಬಂತು.

ಮಾವನನ್ನು ಬಟ್ಟೆ ಕೋಣೆಗೆ ಬಿಟ್ಟು ಪಕ್ಕದ ಬಾಗಿಲಲ್ಲಿ ಇಣುಕಿದೆ. ಅತ್ತಿಗೆಯ ಕಿವಿಯಲ್ಲಿ ಹೆಡ್‌ಫೋನಿತ್ತು. ಬಲಗಾಲಿನ ಹಿಮ್ಮಡಿ ಪೆಡಲು ಒತ್ತಿತು, ಕಾಲ್ಬೆರಳು ಒತ್ತಿತು. ಮತ್ತೆ ಹಿಮ್ಮಡಿ, ಮತ್ತೆ ಬೆರಳು. ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಹೆಡ್‌ಫೋನ್ ತೆಗೆದರು.

"ಏನಾಯ್ತು ಅತ್ತಿಗೆ?"

"ಏನಿಲ್ಲ. ರೋಗಿ ವಿಷಯ, ಹೇಳೋ ಹಾಗಿಲ್ಲ."

ನಾನು ಅಲ್ಲೇ ಇದ್ದೆ ಎಂದು ನಾನೂ ಹೇಳಲಿಲ್ಲ. ಅತ್ತಿಗೆ ಟಿಪ್ಪಣಿಯನ್ನು ಇನ್ನೊಮ್ಮೆ ಓದಿ ಹಸಿರು ಗುಂಡಿ ಒತ್ತಿದರು. ಆಮೇಲೆ ಎದ್ದು ಹೋಗಿ ನಡುವಿನ ಗೋಡೆಯನ್ನು ಎರಡು ಸಲ ತಟ್ಟಿದರು.